ಸದರಿ ಗಾಯಕಿ ತಡವಾಗಿ ಬರುವ ಬಗ್ಗೆ

ಮಾನ್ಯ ಓದುಗರಲ್ಲಿ ಮೊದಲಿಗೇ ಕ್ಷಮೆ ಕೋರಿ ನಿವೇದಿಸಿಕೊಳ್ಳುವುದೇನೆಂದರೆ, ನನ್ನ ಕೈಬರಹ ಚೆನ್ನಾಗಿಲ್ಲ, ಕಾಗುಣಿತವೂ ಅಷ್ಟಕ್ಕಷ್ಟೆ. ಹೈಸ್ಕೂಲು ಬಿಟ್ಟ ಮೇಲೆ ಕನ್ನಡದಲ್ಲಿ ನಾನು ಬರೆದದ್ದೆಂದರೆ ಕೆಲವು ರಜೆ ಅರ್ಜಿಗಳು ಮತ್ತು ಮದುವೆಗೆ ಮುಂಚೆ ಒಂದೇ ಒಂದು ಪ್ರೇಮಪತ್ರ. ಆ ಪತ್ರವನ್ನೂ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದೇ ಆರಂಭಿಸಿದ್ದೆನೆಂದು ನನ್ನ ಹೆಂಡತಿ ವಸುಧಾ ಇಂದಿಗೂ ಮನೆಗೆ ಬಂದವರೆದುರು ಹೇಳಿ ನಗುತ್ತಾಳೆ. ನೈರೋಬಿಯ ನಮ್ಮ ಕನ್ನಡ ಬಳಗದವರು ಈ ಸಲದ ಸ್ಮರಣ ಸಂಚಿಕೆಗೆ ಪ್ರತಿ ಮನೆಯಿಂದ ಒಂದು ಲೇಖನ ಕಡ್ಡಾಯವೆಂದು ತಿಳಿಸಿದ್ದಾರೆ. ವಸುಧಾ ಬರೆಯುವಳೆಂದು ನಾನು, ನಾನು ಬರೆಯುವೆನೆಂದು ವಸುಧಾ ಕಾಯುತ್ತ ಕುಳಿತು ಕೊನೆಯ ದಿನ ಬಂದೇಬಿಟ್ಟಿತು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಬಾರದ್ದರಿಂದ ಕೈಯಲ್ಲೇ ಬರೆದು ಸಲ್ಲಿಸುತ್ತಿದ್ದೇನೆ. ಇದನ್ನು ಟೈಪು ಮಾಡುವ ಪುಣ್ಯಾತ್ಮರು ನನ್ನ ‘ವ’ಗಳನ್ನು ‘ಮ’ ಎಂದು ಓದಬಾರದಾಗಿ ಕೋರಿಕೆ.

ನನ್ನ ಪರಿಚಯವನ್ನು ಸಂಕ್ಷಿಪ್ತವಾಗಿ ತಮ್ಮ ಅವಗಾಹನೆಗೆ ತರುತ್ತೇನೆ. ನಾನು ಇಲ್ಲಿನ ಎಂಬಕಸಿ ಪ್ರದೇಶದ ಒಂದು ಔಷಧ ಕಾರ್ಖಾನೆಯಲ್ಲಿ ದಾಖಲೆಗಳ ವಿಭಾಗ ನೋಡಿಕೊಳ್ಳುವವನು. ಮಾತ್ರೆ ಮಾಡುವವರು ಬೇರೆ, ಮಾರುವವರು ಬೇರೆ. ಮಾಡಿದ್ದನ್ನು ಮಾಡಿದ್ದೇವೆಂದು ಬರೆದಿಡುವವನು ನಾನು. ನಮ್ಮಲ್ಲಿ ತಪ್ಪು ಬರೆದರೆ ಗೀಚಿ ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆದು, ಕೆಳಗಿನದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ, ತಾರೀಖು ಹಾಕಬೇಕು. ನಿಗದಿಯಾದ ಕ್ರಮದಿಂದ ಕೂದಲೆಳೆಯಷ್ಟು ಆಚೀಚೆ ಆದರೂ ‘ಡೀವಿಯೇಶನ್’ ಎಂಬ ವರದಿ ತಯಾರಿಸಿ, ಕಾರಣವೇನು, ಹೊಣೆ ಯಾರು ಎಂದು ನಮೂದಿಸಬೇಕು. ವರ್ಷಗಟ್ಟಲೆ ಇದನ್ನೇ ಮಾಡಿದವನ ಕಣ್ಣು ಮನೆಯಲ್ಲೂ ಸುಮ್ಮನಿರುವುದಿಲ್ಲ. ಒಮ್ಮೆ ಸಾರಿಗೆ ಉಪ್ಪು ಹೆಚ್ಚಾದಾಗ ‘ಕಾರಣ?’ ಎಂದು ಕೇಳಿಬಿಟ್ಟೆ. “ಹೊಣೆ ಯಾರು ಅನ್ನೋದನ್ನೂ ಬರ್ಕೊಳ್ಳಿ. ಮುಂದಿನ ವಾರ ಪೂರ್ತಿ ನಿಮ್ದೇ ಅಡುಗೆ” ಎಂಬ ಉತ್ತರ ಬಂತು. ಆ ವಾರ ಮಗಳೂ ಸೇರಿ ನಾವು ಮೂವರೂ ಬ್ರೆಡ್ಡು ತಿಂದೆವು.

ಈಗ ವಿಷಯಕ್ಕೆ ಬರುತ್ತೇನೆ. ಈ ಲೇಖನದ ಉದ್ದೇಶ ಒಬ್ಬ ಅಮೆರಿಕನ್ ಗಾಯಕಿಗೆ ನಮ್ಮ ಕುಟುಂಬದ ಪರವಾಗಿ ಕೃತಜ್ಞತೆ ಸಲ್ಲಿಸುವುದು. ಆಕೆಯ ಹೆಸರು ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರಲು ಕಾರಣ ನಮ್ಮ ಕಾರು. ಈ ಊರಿನ ಬಹುಪಾಲು ಕಾರುಗಳಂತೆ ಅದೂ ಜಪಾನಿನಲ್ಲಿ ಯಾರೋ ಬಳಸಿ ಬಿಟ್ಟು, ಹಡಗಿನಲ್ಲಿ ಮೊಂಬಾಸಾಕ್ಕೆ ಬಂದು ಇಳಿದದ್ದು. ಕೀಲಿ ತಿರುಗಿಸಿದ ಕೂಡಲೇ ಒಳಗಿನಿಂದ ಒಬ್ಬ ಹೆಣ್ಣುಮಗಳು ಜಪಾನಿ ಭಾಷೆಯಲ್ಲಿ ಬಹಳ ವಿನಯದಿಂದ ಏನನ್ನೋ ಹೇಳುತ್ತಾಳೆ. ಅದನ್ನು ಶುಭಪ್ರಯಾಣವೆಂದು ತಿಳಿದು ನಾನು ಒಂದು ವರ್ಷ ಕಾಲ ತಲೆಬಾಗಿ ವಂದಿಸಿದೆ. ಆಕೆ ಹೇಳುತ್ತಿದ್ದುದು ರಸ್ತೆ ಸುಂಕದ ಕಾರ್ಡು ಹಾಕಿಲ್ಲವೆಂಬ ದೂರು ಎಂದು ಆಮೇಲೆ ತಿಳಿಯಿತು. ರೇಡಿಯೊ ಕೂಡ ಜಪಾನಿನ ಲೆಕ್ಕದ್ದೇ. ಮುಳ್ಳು ತೊಂಬತ್ತಕ್ಕೆ ನಿಂತುಬಿಡುತ್ತದೆ. ನೈರೋಬಿಯ ಒಳ್ಳೊಳ್ಳೆಯ ಸ್ಟೇಶನ್ನುಗಳೆಲ್ಲ ಅದರಾಚೆಗೆ ಇವೆ. ಉಳಿದದ್ದು ಒಂದು ಸಿ.ಡಿ. ಹಳೆಯ ಯಜಮಾನರು ಅದನ್ನು ಯಂತ್ರದೊಳಗೇ ಮರೆತಿದ್ದರು, ಹೊರದೂಡುವ ಗುಂಡಿ ಸತ್ತಿತ್ತು. ಪರದೆಯ ಮೇಲೆ ಹಾಡಿನ ಹೆಸರುಗಳು ಜಪಾನಿ ಲಿಪಿಯಲ್ಲಿ ಮೂಡುತ್ತಿದ್ದವು. ನಮ್ಮ ಫುಂಡಿ, ಅಂದರೆ ಮೆಕ್ಯಾನಿಕ್, ಮ್ವಾಂಗಿ ಟಾರ್ಚು ಬಿಟ್ಟು ಇಣುಕಿ, “ಪೋಲೆ ಬಾಸ್, ಎಳೆದರೆ ಮುರಿಯುತ್ತೆ. ಹಾಡ್ತಾ ಇದೆಯಲ್ಲ? ಹಕುನಾ ಶಿದಾ” ಎಂದು ತೀರ್ಪು ಕೊಟ್ಟ. ಪೋಲೆ ಎಂದರೆ ಕ್ಷಮಿಸಿ, ಹಕುನಾ ಶಿದಾ ಎಂದರೆ ತೊಂದರೆಯೇನೂ ಇಲ್ಲ. ತೊಂದರೆ ಇದ್ದದ್ದು ಕಾರಿನೊಳಗೆ ಕುಳಿತವರಲ್ಲಿ.

ಅದರಲ್ಲಿದ್ದುದು ಹನ್ನೆರಡು ಹಾಡುಗಳು. ಒಂದು ಹೆಣ್ಣು ಧ್ವನಿ, ಹಿಂದೆ ಪಿಯಾನೊ, ಯಾರೋ ಪೊರಕೆಯಲ್ಲಿ ಗುಡಿಸಿದಂಥ ಡ್ರಮ್ಮು. ಒಂದು ದಿನ ನಮ್ಮ ಪ್ರಯೋಗಾಲಯದ ಹಿರಿಯ ಫರ್ನಾಂಡಿಸ್ ಅವರಿಗೆ ಕಾರ್ಖಾನೆಯವರೆಗೆ ಲಿಫ್ಟು ಕೊಟ್ಟಿದ್ದೆ. ಗೋವಾ ಮೂಲದವರು, ಇಲ್ಲಿಯೇ ಹುಟ್ಟಿದವರು, ಯೌವನದಲ್ಲಿ ಮದುವೆ ಮನೆಗಳಲ್ಲಿ ಸ್ಯಾಕ್ಸೊಫೋನ್ ನುಡಿಸಿದವರು. ಇವು ಆಕೆಯ ಸ್ವಂತ ಹಾಡುಗಳಲ್ಲವೆಂದೂ, ನಮ್ಮ ಅಜ್ಜಂದಿರ ಕಾಲದಲ್ಲಿ ಅಮೆರಿಕದ ನಾಟಕ, ಸಿನಿಮಾಗಳಿಗೆಂದು ಬೇರೆಯವರು ಕಟ್ಟಿದವೆಂದೂ, ನೂರಾರು ಜನ ಹಾಡಿರುವರೆಂದೂ ಅವರಿಂದ ತಿಳಿಯಿತು. “ಹಾಡು ಎಲ್ಲರದೂ ಹೌದು. ಆದರೆ ಈಕೆ ಹಾಡಿದ ಮೇಲೆ ಉಳಿದವರು ಈಕೆಯ ಮನೆಗೆ ಅತಿಥಿಗಳಾಗಿ ಬಂದ ಹಾಗೆ ಕೇಳಿಸುತ್ತಾರೆ” ಎಂದರು. ದಾಸರ ಪದ ಒಂದೇ ಆದರೂ ಹಾಡುವವರ ಬಾಯಲ್ಲಿ ಬೇರೆ ಬೇರೆಯಾಗುವುದನ್ನು ಕಂಡ ನನಗೆ ಮಾತು ಚೆನ್ನಾಗಿ ಅರ್ಥವಾಯಿತು. ಹೆಸರು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಮೂರನೆಯ ಹಾಡು ಬಂತು. ಅವರು ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದರು, ಗೇಟು ಬರುವವರೆಗೆ ಕಿಟಕಿಯತ್ತ ಮುಖ ಮಾಡಿಕೊಂಡಿದ್ದರು, ಇಳಿದು ಹೊರಟೇಹೋದರು.

ಆ ಮೂರನೆಯ ಹಾಡಿನ ಕಥೆಗೆ ಮೊದಲು ನಮ್ಮ ಮನೆಯ ಒಂದು ಡೀವಿಯೇಶನ್ನನ್ನು ವರದಿ ಮಾಡಬೇಕಾಗಿದೆ. ವಸುಧಾ ಮೈಸೂರಿನಲ್ಲಿ ಸಂಗೀತದ ವಿದ್ವತ್ ಮುಗಿಸಿದವಳು; ಇಲ್ಲಿ ರಿವರ್‌ಸೈಡ್‌ನ ಒಂದು ಸಂಸ್ಥೆಯಲ್ಲಿ ಆಡಳಿತದ ಕೆಲಸ. ನಮ್ಮ ಒಬ್ಬಳೇ ಮಗಳು ಇಂಚರ ಆಕೆಯ ಮೊದಲ ಶಿಷ್ಯೆ. ಈ ಕಾರು ಬರುವುದಕ್ಕೆ ಮುಂಚಿನ ದಸರಾ ಕಾರ್ಯಕ್ರಮದಲ್ಲಿ, ಆಗ ಹದಿಮೂರು ವರ್ಷದ ಇಂಚರ ವೇದಿಕೆಯ ಮೇಲೆ ದೇವರನಾಮ ಹಾಡುತ್ತಿದ್ದಳು, ಪಕ್ಕದಲ್ಲಿ ತಾಯಿ. ಎರಡನೆಯ ಚರಣದಲ್ಲಿ ಮಗಳು ಒಂದು ಸಾಲನ್ನು ಎಳೆದಳು. ತಾಳ ತಪ್ಪಿತೆಂದು ಹೆದರಿದ ತಾಯಿ ತನ್ನ ತೊಡೆಯ ಮೇಲೆ ಎರಡು ಬಾರಿ ಗಟ್ಟಿಯಾಗಿ ಹೊಡೆದು ಎಚ್ಚರಿಸಿದಳು. ನೆಲದಲ್ಲಿ ಕೂತು ಹಾಡುವವರಿಗೆಂದು ಮೈಕನ್ನು ತಗ್ಗಿಸಿಟ್ಟಿದ್ದರಿಂದ ಅದು ಸಭಾಂಗಣಕ್ಕೆಲ್ಲ ಬಾಗಿಲು ಬಡಿದಂತೆ ಕೇಳಿಸಿತು. ಯಾರೋ ಹಿಂದೆ ತಿರುಗಿ ಬಾಗಿಲು ನೋಡಿದರು. ಮನೆಗೆ ಬರುವಾಗ ಕಾರಿನಲ್ಲಿ ಇಂಚರ, “ಐ ಆಮ್ ಡನ್, ಅಮ್ಮ” ಎಂದಳು. ಶ್ರುತಿ ಪೆಟ್ಟಿಗೆ ಬೀರುವಿನ ಮೇಲೆ ಹೋಯಿತು. ಮಗಳು ಹಾಡುವುದನ್ನು ಬಿಟ್ಟಳು, ತಾಯಿ ಗುನುಗುವುದನ್ನೂ ಬಿಟ್ಟಳು. ಇಬ್ಬರ ನಡುವೆ ಊಟ, ತಿಂಡಿ, ಯೂನಿಫಾರ್ಮುಗಳ ಹೊರತು ಮಾತಿಲ್ಲ. ಹೊಣೆ ಯಾರೆಂದು ನಮೂದಿಸುವ ಧೈರ್ಯ ಈ ಬಾರಿ ನನಗಿರಲಿಲ್ಲ. ಹಾಡಿಲ್ಲದ ಮನೆಯೊಳಗೆ ಕುಕ್ಕರಿನ ಸೀಟಿ ಕೂಡ ಅಧಿಕಪ್ರಸಂಗವಾಗಿ ಕೇಳಿಸುತ್ತಿತ್ತು.

ಹೀಗಿರುವಾಗ ಬಂದದ್ದು ಈ ಕಾರು. ಮೊಂಬಾಸಾ ರಸ್ತೆಯ ಬದಿಯಲ್ಲಿ ಹೊಸ ರೈಲಿನ ಕಂಬಗಳು ಏಳುತ್ತಿದ್ದ ಕಾಲ. ಜಾಮು ಎಂದರೆ ಅದೊಂದು ವಾಸಸ್ಥಳ. ಲ್ಯಾವಿಂಗ್ಟನ್ನಿನ ಮನೆಯಿಂದ ಹೊರಟು ಮಗಳನ್ನು ಶಾಲೆಗೆ, ಹೆಂಡತಿಯನ್ನು ರಿವರ್‌ಸೈಡಿಗೆ ಬಿಟ್ಟು ನಾನು ಎಂಬಕಸಿ ಸೇರುವಷ್ಟರಲ್ಲಿ ಹನ್ನೆರಡು ಹಾಡುಗಳೂ ಮುಗಿದು ಎರಡನೆಯ ಸುತ್ತು ಶುರುವಾಗುತ್ತಿತ್ತು. ಮೊದಲ ವಾರವೇ ವಸುಧಾ ಅರ್ಜಿ ಸಲ್ಲಿಸಿದಳು: “ರೀ, ಇದನ್ನ ತೆಗೆಸಿ. ನಮ್ಮ ಹಾಡು ಕೇಳೋ ಹಾಗೆ ಏನಾದ್ರೂ ಹಾಕ್ಸಿ.” ಅರ್ಜಿ ಪರಿಶೀಲನೆಯಲ್ಲಿ ಉಳಿಯಿತು. ಅಷ್ಟರಲ್ಲಿ ಆಕೆಯ ಬಲಗೈ, ಅಭ್ಯಾಸಬಲದಿಂದ, ಮಡಿಲಲ್ಲಿ ಆದಿತಾಳ ಹಾಕಲಾರಂಭಿಸಿತ್ತು. ಒಂದು ಬೆಳಿಗ್ಗೆ ಮೂರನೆಯ ಹಾಡಿನ ನಡುವೆ ಕೈ ನಿಂತಿತು.

“ಇವಳಿಗೆ ತಾಳಾನೇ ಇಲ್ಲ ಕಣ್ರೀ. ನೋಡಿ, ಮಾತು ಬರಬೇಕಾದ ಜಾಗದಲ್ಲಿ ಬರ್ತಾನೇ ಇಲ್ಲ, ಹಿಂದೆ ಹಿಂದೆ ಬೀಳ್ತಾಳೆ. ಇಷ್ಟು ದೊಡ್ಡ ಗಾಯಕಿಗೆ ಯಾರೂ ಹೇಳೋರೇ ಇರ್ಲಿಲ್ವಾ?”

ಡೀವಿಯೇಶನ್ ಎಂಬುದು ನನ್ನ ಇಲಾಖೆಯಾದ್ದರಿಂದ ನಾನು ಗಂಭೀರವಾಗಿ ತಲೆಯಾಡಿಸಿದೆ. ಆಗ ಹಿಂದಿನ ಸೀಟಿನಿಂದ, ಕಿವಿಯ ಒಂದು ಇಯರ್‌ಫೋನು ತೆಗೆದು, ಮಗಳು ಹೇಳಿದಳು: “ಶಿ ಈಸ್ ಲೇಟ್ ಆನ್ ಪರ್ಪಸ್, ಅಮ್ಮ.” ಸ್ವಲ್ಪ ತಡೆದು, “ಸೋ ವಾಸ್ ಐ.”

ಮರುದಿನ ವಸುಧಾ ಮೂರನೆಯ ಹಾಡನ್ನು ಎರಡು ಬಾರಿ ಹಾಕಿಸಿದಳು. ಮೂರನೆಯ ದಿನ ನಾಲ್ಕು ಬಾರಿ. ತನಿಖಾಧಿಕಾರಿಯ ಮುಖ ಮಾಡಿಕೊಂಡು ಬೆರಳು ಎಣಿಸುತ್ತಿದ್ದಳು. ವಾರದ ಕೊನೆಗೆ, ಯಾರನ್ನೂ ನೋಡದೆ, “ಬೇಕಂತಲೇ ತಡ ಮಾಡ್ತಾಳೆ. ಆದ್ರೆ ಸಾಲಿನ ಕೊನೆಗೆ ಸರಿಯಾಗಿ ಸಮಕ್ಕೆ ಬಂದು ಕೂತ್ಕೋತಾಳೆ. ಒಂದು ಸಲಾನೂ ತಪ್ಪಿಲ್ಲ” ಎಂದಳು. ಹಿಂದಿನ ಸೀಟಿನಿಂದ “ಐ ನೋ” ಎಂದಿಷ್ಟೇ ಬಂತು. ಅಂದಿನಿಂದ ಅವರಿಬ್ಬರ ನಡುವೆ ದಿನಾ ಒಂದೊಂದು ಹಾಡಿನ ಮೇಲೆ ಚಿಕ್ಕ ಚಿಕ್ಕ ವಾದ. ಮಗಳು ಇಂಗ್ಲಿಷಿನಲ್ಲಿ, ತಾಯಿ ಕನ್ನಡದಲ್ಲಿ. ನಾನು ನಡುವೆ ಬಾಯಿ ಹಾಕಿದರೆ ಇಬ್ಬರೂ ಒಟ್ಟಾಗಿ ‘ಶ್!’ ಎನ್ನುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಅವರು ಒಮ್ಮತಕ್ಕೆ ಬಂದ ಮೊದಲ ವಿಷಯ ಅದಾದ್ದರಿಂದ ನಾನು ಬೇಸರಿಸಲಿಲ್ಲ. ಆ ದಿನಗಳಲ್ಲಿ ಒಮ್ಮೆ ನಾನು ಮೀಟಿಂಗಿಗೆ ತಡವಾಗಿ ಹೋಗಿ, ಕಾರಣ ಕೇಳಿದ ನಮ್ಮ ಗುಜರಾತಿ ಡೈರೆಕ್ಟರರಿಗೆ ಕೊನೆಯಲ್ಲಿ ಸಮಕ್ಕೆ ಬರುವುದು ಮುಖ್ಯವೆಂದು ವಿವರಿಸಲು ಪ್ರಯತ್ನಿಸಿದೆ. ಈ ಪ್ರಸಂಗವನ್ನು ವಿಸ್ತರಿಸುವ ಅಗತ್ಯವಿಲ್ಲ.

ಇಷ್ಟೆಲ್ಲ ಕಣ್ಣೆದುರೇ ನಡೆಯುತ್ತಿದ್ದರೂ ನಾನು ಮಾಡಿದ್ದೇನು? ವಸುಧಾಳ ಹುಟ್ಟುಹಬ್ಬ ಬಂತು. ಕಡತ ತೆರೆದು ನೋಡುವ ನನ್ನಂಥವನಿಗೆ ಹೊಳೆದದ್ದು ಆಕೆಯ ಆ ಹಳೆಯ ಅರ್ಜಿ, ಇನ್ನೂ ವಿಲೇವಾರಿಯಾಗದೆ ಬಾಕಿ ಇದೆಯೆಂದು. ಮ್ವಾಂಗಿಯ ಗ್ಯಾರೇಜಿಗೆ ಹೋಗಿ ಹಳೆಯ ಸೆಟ್ಟನ್ನು ಕಿತ್ತು ಹಾಕಿಸಿ, ಎಲ್ಲ ಸ್ಟೇಶನ್ನುಗಳೂ ಬರುವ, ಪೆನ್‌ಡ್ರೈವ್ ಚುಚ್ಚುವ ಹೊಸದನ್ನು ಕೂಡಿಸಿದೆ. ಮರುದಿನ ಬೆಳಿಗ್ಗೆ ಇಬ್ಬರನ್ನೂ ಕೂರಿಸಿಕೊಂಡು, ಕೃತಾರ್ಥನಾಗಿ ಗುಂಡಿ ಒತ್ತಿದೆ. ಸುಪ್ರಭಾತ ಮೊಳಗಿತು.

“ಅವಳೆಲ್ಲಿ ರೀ?” ಎಂದಳು ವಸುಧಾ.

“ನೀನೇ ಅರ್ಜಿ ಕೊಟ್ಟಿದ್ದೆಯಲ್ಲ...”

“ಅಪ್ಪ! ಯು ಗೇವ್ ಹರ್ ಅವೇ?”

ಸುಪ್ರಭಾತವನ್ನು ಮಗಳೇ ಮುಂದೆ ಬಾಗಿ ನಿಲ್ಲಿಸಿದಳು. ಆಮೇಲೆ ಕಾರಿನಲ್ಲಿ ಕವಿದ ಮೌನ ನನಗೆ ಚೆನ್ನಾಗಿ ಪರಿಚಯವಿದ್ದ ಮೌನ. ದಸರಾದಿಂದ ನಮ್ಮ ಮನೆಯಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದುದು ಅದೇ. ಕೈಯಾರೆ ಅದನ್ನು ಮರಳಿ ಕರೆತಂದಿದ್ದೆ. ಒಂದು ಮಟಾಟು, ಅಂದರೆ ಇಲ್ಲಿನ ಖಾಸಗಿ ಮಿನಿಬಸ್ಸು, ನಮ್ಮ ಮುಂದೆ ಅಡ್ಡ ನಿಂತು ಜನ ಹತ್ತಿಸಿಕೊಳ್ಳುತ್ತಿತ್ತು. ಆಗ ಪಕ್ಕದಲ್ಲಿ ಏನೋ ಅಲುಗಿತು. ವಸುಧಾಳ ಬಲಗೈ, ಹಾಡೇ ಇಲ್ಲದೆ, ತಾಳ ಹಾಕುತ್ತಿತ್ತು. ಒಂದು ಆವರ್ತ ಹೋಯಿತು. ಎರಡು ಹೋಯಿತು. ಹಿಂದಿನ ಸೀಟಿನಿಂದ ಮೂರನೆಯ ಹಾಡು ಬಂತು, ಬಹಳ ಮೆಲ್ಲಗೆ, ಬರಬೇಕಾದ್ದಕ್ಕಿಂತ ತಡವಾಗಿ. ನಾನು ಕನ್ನಡಿಯಲ್ಲಿ ನೋಡಲಿಲ್ಲ, ನೋಡಿದರೆ ನಿಲ್ಲುವುದೆಂಬ ಭಯ. ಪದಗಳು ಹಿಂದೆ ಬಿದ್ದವು, ಇನ್ನೂ ಹಿಂದೆ ಬಿದ್ದವು. ವಸುಧಾಳ ಕೈ ಮೇಲೆದ್ದದ್ದು ಗಾಳಿಯಲ್ಲೇ ನಿಂತಿತು. ದಸರಾದಲ್ಲಿ ಕಾಯದಿದ್ದ ಆ ಕೈ ಈಗ ಕಾಯಿತು. ಸಾಲಿನ ಕೊನೆಯಲ್ಲಿ ಮಗಳ ಧ್ವನಿಯೂ ತಾಯಿಯ ಅಂಗೈಯೂ ಒಂದೇ ಕ್ಷಣಕ್ಕೆ, ಸದ್ದಿಲ್ಲದೆ, ಇಳಿದವು. ಮಟಾಟು ಹೋಗಿ ಎಷ್ಟೋ ಹೊತ್ತಾಗಿತ್ತು. ಹಿಂದಿನವರೆಲ್ಲ ಹಾರ್ನು ಹೊಡೆಯುತ್ತಿದ್ದರು.

“ಅವತ್ತು ನಾನು ತಾಳ ಹೊಡೀಬಾರ್ದಿತ್ತು ಕಣೆ” ಎಂದಳು ವಸುಧಾ, ಕಿಟಕಿಯ ಕಡೆಗೆ.

“ಮುಂದಿನ್ ಸಲ ಮೈಕ್‌ನಿಂದ ದೂರ ಕೂತ್ಕೊ” ಎಂದಳು ಇಂಚರ. ನೈರೋಬಿಯಲ್ಲೇ ಬೆಳೆದ ನಮ್ಮ ಮಗಳು ಈ ಉತ್ತರವನ್ನು ಕನ್ನಡದಲ್ಲಿ ಕೊಟ್ಟಳೆಂಬುದನ್ನು ವಿಶೇಷವಾಗಿ ದಾಖಲಿಸುತ್ತೇನೆ. ಮುಂದಿನ್ ಸಲ ಎಂದದ್ದನ್ನೂ.

ಅದೇ ಸಂಜೆ ಗ್ಯಾರೇಜಿಗೆ ಓಡಿದೆ. ಮ್ವಾಂಗಿ ಹಳೆಯ ಸೆಟ್ಟನ್ನು ಒಂದು ಬ್ಯಾಟರಿಗೆ ಕಟ್ಟಿ ಶೆಡ್ಡಿನಲ್ಲಿ ಹಾಡಿಸುತ್ತಿದ್ದ. ಅವನ ಸ್ಪ್ಯಾನರು ಕೂಡ ನಿಧಾನವಾಗಿ ತಿರುಗುತ್ತಿತ್ತು. ಹೊಸದನ್ನು ಕಿತ್ತು ಇದನ್ನೇ ಮರಳಿ ಹಾಕೆಂದಾಗ ಅವನು ಬಹಳ ಹೊತ್ತು ನಕ್ಕ. “ಬಾಸ್, ನೈರೋಬಿಯಲ್ಲಿ ಎಲ್ಲರೂ ಜಪಾನನ್ನು ಕಾರಿಂದ ಹೊರಗೆ ತೆಗೆಸ್ತಾರೆ. ಒಳಗೆ ಹಾಕಿಸಿದವನು ನೀನೊಬ್ಬನೇ. ಆದರೂ ಈ ಮಾಮಾ ಒಳ್ಳೇ ಹಾಡುಗಾರ್ತಿ, ಇವಳನ್ನ ಒಂದು ದಿನ ಇಲ್ಲೇ ಬಿಟ್ಟು ಹೋಗು.” ಮಾಮಾ ಎಂದರೆ ಇಲ್ಲಿ ಅಮ್ಮ. ಸೆಟ್ಟಿನ ಜೊತೆಗೆ ಕಾರನ್ನೂ ಒಂದು ದಿನ ಅಲ್ಲೇ ಬಿಟ್ಟು ಬಂದೆ. ಮರುದಿನ ಟ್ಯಾಕ್ಸಿಯಲ್ಲಿ ಹೋದೆವು. ನಾವು ಒಬ್ಬೊಬ್ಬರಾಗಿ ಅಸಾಂಟೆ, ಅಂದರೆ ಥ್ಯಾಂಕ್ಸ್, ಹೇಳಿ ಇಳಿಯುವ ಮೊದಲೇ ಡ್ರೈವರು ತನ್ನ ರೇಡಿಯೊ ಆರಿಸಿದ್ದ. ಹಿಂದಿನ ಸೀಟಿನಲ್ಲಿ ತಾಯಿ ಮಗಳಿಬ್ಬರೂ ಹಾಡುತ್ತಿದ್ದರು. ಶ್ರುತಿ ಪೆಟ್ಟಿಗೆ ಈಗ ಬೀರುವಿನಿಂದ ಇಳಿದಿದೆ. ಒಂದು ದಿನ ದೇವರನಾಮ, ಒಂದು ದಿನ ಅಮೆರಿಕ. ಕುಕ್ಕರಿನ ಸೀಟಿ ಯಾರಿಗೂ ಕೇಳಿಸದೆ ಬೇಳೆ ತಳ ಹಿಡಿಯುತ್ತದೆ. ಕಾರಣ ಕೇಳುವುದನ್ನು ನಾನು ನಿಲ್ಲಿಸಿದ್ದೇನೆ.

ಗಾಯಕಿಯ ಹೆಸರು ತಿಳಿದರೆ ಧನ್ಯವಾದ ಪತ್ರವೊಂದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕೆಂದು ಮೊನ್ನೆ ಮನೆಯಲ್ಲಿ ಪ್ರಸ್ತಾಪಿಸಿದೆ. ತಾಯಿ ಮಗಳು ಮುಖಮುಖ ನೋಡಿಕೊಂಡರು. ಇಂಚರ ತನ್ನ ಫೋನಿನಲ್ಲಿ ಆ ಹೆಸರನ್ನು ಮೊದಲ ವಾರವೇ ಪತ್ತೆ ಮಾಡಿದ್ದಳಂತೆ. “ಶಿ ಈಸ್ ನೋ ಮೋರ್, ಅಪ್ಪ. ನೀನು ಖಂಡಿತಾ ಲೆಟರ್ ಬರೀತೀಯ ಅಂತ ಅಮ್ಮ ಹೇಳ್ಬೇಡ ಅಂದ್ಲು.” ಹೆಸರನ್ನು ಆಮೇಲೂ ನಾನು ಕೇಳಲಿಲ್ಲ. ಆದ್ದರಿಂದ ಹೆಸರು, ವಿಳಾಸಗಳಿಲ್ಲದ ಆ ಪತ್ರವನ್ನೇ ಇಲ್ಲಿ ತಮಗೆ ಸಲ್ಲಿಸಿದ್ದೇನೆ. ಆಕೆ ಇಲ್ಲದಿದ್ದರೂ ನಾಳೆ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಕಾರಿನಲ್ಲಿ ಇರುತ್ತಾಳೆ, ಎಂದಿನಂತೆ ಸ್ವಲ್ಪ ತಡವಾಗಿ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ಒಂದೇ ಗೆರೆ ಎಳೆದು, ಮೂಲವನ್ನು ಓದಲು ಬರುವಂತೆ ಬಿಟ್ಟು, ತಿದ್ದಿ ಸಹಿ ಮಾಡಬೇಕಾಗಿ ವಿನಂತಿ. ಆದರೆ ನಾನು ವಿಷಯಕ್ಕೆ ತಡವಾಗಿ ಬಂದಿರುವ ಕಡೆಗಳಲ್ಲಿ ತಿದ್ದಬಾರದು, ಅದೆಲ್ಲ ಉದ್ದೇಶಪೂರ್ವಕ. ಕರಡು ಓದಿದ ವಸುಧಾ ಈ ಕೊನೆಯ ಮಾತಿನ ಮೇಲೆ ಮಾತ್ರ ಒಂದು ಗೆರೆ ಎಳೆದು, ಸಹಿ ಮಾಡಿ, ತಾರೀಖು ಹಾಕಿದ್ದಾಳೆ. ನಿಯಮದ ಪ್ರಕಾರ ಅದನ್ನು ಹಾಗೆಯೇ ಬಿಟ್ಟಿದ್ದೇನೆ.