ಮಗನ ಸೂಜಿ, ಅಪ್ಪನ ತೋಳು

ನಮ್ಮ ಮನೆಗೆ ಒಳ್ಳೆಯ ಸುದ್ದಿ ಒಂಟಿಯಾಗಿ ಬಂದ ನೆನಪೇ ನನಗಿಲ್ಲ. ಮಗ ಮೆಟ್ರಿಕ್ ಪಾಸಾಗಿ, ಮದ್ರಾಸಿನ ಕಾಲೇಜಿನಲ್ಲಿ ಜಾಗ ಸಿಕ್ಕಿತೆಂದು ಕಾಗದ ಬಂದ ವಾರವೇ ಹೊಸಪೇಟೆಯಲ್ಲಿ ಇಲಿ ಬಿತ್ತು. ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಅರ್ಥ. ಜವಳಿ ಅಂಗಡಿಗೆ ಬೀಗ ಹಾಕಿ, ಎಲ್ಲರಂತೆ ನಾವೂ ಊರಾಚೆ ಹೊಲದಲ್ಲಿ ತಟ್ಟಿಯ ಗುಡಿಸಲು ಕಟ್ಟಿಕೊಂಡೆವು. ಹಿಂದಿನ ಸಲದ ಪ್ಲೇಗು ನನ್ನ ತಮ್ಮನನ್ನು ಒಯ್ದಿತ್ತು. ನನಗಿರುವವನು ಒಬ್ಬನೇ ಮಗ. ಕಳಿಸಲೋ, ಇಟ್ಟುಕೊಳ್ಳಲೋ? ಹೆದರಿಕೆಗೆ ಊಟ ಸೇರುತ್ತಿರಲಿಲ್ಲ. ಆಗ ನಡೆದದ್ದನ್ನು ನೆನೆದು ಈಗ ಮನೆಮಂದಿಯೆಲ್ಲ ನಗುತ್ತೇವೆ.

ಬೀಗರ ಸಲಹೆ

ಮಗಳನ್ನು ಕೊಟ್ಟ ಕಂಪ್ಲಿಯ ಬೀಗರು ನಮ್ಮನ್ನು ವಿಚಾರಿಸಿಕೊಂಡು ಹೋಗಲು ಬಂದರು. ಹತ್ತಿರ ಬರಲಿಲ್ಲ. ಹೊಲದ ಬದುವಿನ ಮೇಲೆ ಕೊಡೆ ಹಿಡಿದು ನಿಂತು ಅಲ್ಲಿಂದಲೇ ಕೂಗಿದರು: "ಮದ್ರಾಸಿಗೆ ಕಳಿಸಬ್ಯಾಡ್ರಿ! ಕಾಣದ ಊರಾಗ ಜಡ್ಡು ಬಿದ್ರ ನೋಡೋರ್ಯಾರು?"

"ಹಂಗಾರ ಇಲ್ಲೇ ಇಟ್ಕೊಳ್ಲೇನ್ರಿ?" ನಾನೂ ಕೂಗಿದೆ.

"ಏ, ಇಲ್ಲಿ ಪ್ಲೇಗು ಐತಲ್ರಿ! ಇಲ್ಲಿ ಯಾರು ಇಟ್ಕೊಂತಾರ?"

ಇಷ್ಟು ಕಾಳಜಿಯ ಮನುಷ್ಯರು ಸಿಕ್ಕರಲ್ಲ ಎಂದು ನನಗೆ ಧೈರ್ಯ ಬಂತು. "ಪ್ಲೇಗು ಹೋಗೋತನಕ ಹುಡುಗ ನಿಮ್ಮ ಮನ್ಯಾಗ ಇರ್ಲೇನ್ರಿ?"

ಬೀಗರು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಹಂಗ ನೋಡಿದ್ರ," ಎಂದರು, "ಮದ್ರಾಸ್ ಏನ್ ಕೆಟ್ಟ ಊರಲ್ರಿ."

ವಕೀಲರ ಭರವಸೆ

ಸಂಡೂರಿನಲ್ಲಿ, ಮದ್ರಾಸಿನಲ್ಲೇ ಓದಿ ಬಂದ ವಕೀಲರೊಬ್ಬರಿದ್ದರು. ಹೋಗಿ ಕೇಳಿದೆ. ಹೊಸಪೇಟೆಯವನೆಂದು ನನ್ನನ್ನು ಅಂಗಳದ ಬೇವಿನ ಮರದ ಕೆಳಗೆ ಕೂರಿಸಿ, ತಾವು ಪಡಸಾಲೆಯಲ್ಲಿ ಕೂತು ಒಂದು ತಾಸು ಮಾತಾಡಿದರು. "ಹೆದರಬ್ಯಾಡ್ರಿ. ಅಲ್ಲಿ ನನಗ ವಿಷಮಜ್ವರ ಬಂದಾಗ ಹಾಸ್ಟೆಲಿನ ಹುಡುಗ್ರು ಪಾಳಿ ಮ್ಯಾಲೆ ಗಂಜಿ ಕುಡಿಸಿದ್ರು. ಓದೋ ವಯಸ್ಸು ತಿರುಗಿ ಬರ್ತೈತೇನ್ರಿ? ಕಳಿಸ್ರಿ!"

ನನ್ನ ಎದೆ ಹಗುರಾಯಿತು. ಹೊರಡುವಾಗ ಸುಮ್ಮನೆ ಕೇಳಿದೆ: "ನಿಮ್ಮ ಹುಡುಗನೂ ಈ ವರ್ಷ ಪಾಸಾದನಂತಲ್ರಿ. ಯಾವ ಕಾಲೇಜು?"

"ಅವನು ಮನ್ಯಾಗ ಅದಾನ್ರಿ," ಎಂದರು ವಕೀಲರು. "ಇಂಥಾ ಕಾಲದಾಗ ಮಕ್ಕಳನ್ನ ಯಾರಾದ್ರೂ ಹೊರಗ ಬಿಡ್ತಾರೇನ್ರಿ?"

ಡಾಕ್ಟರ ಡೇರೆ

ಕಾಲೇಜಿನಿಂದ ಇನ್ನೊಂದು ಕಾಗದ ಬಂತು. ಪ್ಲೇಗಿನ ಊರಿನಿಂದ ಬರುವ ಹುಡುಗರು ರೋಗ ತಗಲದಂತೆ ಸೂಜಿ ಹಾಕಿಸಿಕೊಂಡ ಚೀಟಿ ತರಬೇಕಂತೆ. ಆ ಸೂಜಿಯಿಂದಲೇ ಜನ ಸಾಯುತ್ತಾರೆಂದು ಗುಡಿಸಲುಗಳಲ್ಲೆಲ್ಲ ಗುಲ್ಲು. ನನ್ನ ಹೆಂಡತಿ ಮೂರು ದಿನ ಅತ್ತು, ನಾಲ್ಕನೆಯ ದಿನ ದಾರಿ ಹುಡುಕಿದಳು.

"ಅವಂಗ ಸಿಡುಬು ಬಂದಾಗ ಹಂಪ್ಯಾಗ ಉದ್ದಕ ಬಿದ್ದು ಎದ್ದು ದೀಡ ನಮಸ್ಕಾರ ಹಾಕಿದೋರು ಯಾರು? ನೀವು. ಗುಣ ಆಗಿದ್ದು ಯಾರಿಗೆ? ಅವಂಗ. ಇದನ್ನೂ ಹಂಗ ಮಾಡ್ರಿ."

ನನಗೂ ಸರಿಯೆನಿಸಿತು. ಮಗನನ್ನು ಕರೆದುಕೊಂಡು, ಸೂಜಿ ಹಾಕಲು ಸರ್ಕಾರ ಕಳಿಸಿದ್ದ ಡಾಕ್ಟರ ಡೇರೆಗೆ ಹೋಗಿ ನನ್ನ ತೋಳು ಚಾಚಿದೆ. "ನನಗ ಚುಚ್ರಿ. ಚೀಟಿ ಮಾತ್ರ ಇವನ ಹೆಸರಿಗೆ ಬರೀರಿ."

ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಹಂಪಿಯ ಕಥೆಯನ್ನೆಲ್ಲ ಹೇಳಿದೆ. "ವಿರೂಪಾಕ್ಷನೇ ಒಪ್ಯಾನ್ರಿ. ಸರ್ಕಾರಕ್ಕ ಒಪ್ಪಾಕ ಏನು?"

"ಯಜಮಾನ್ರ, ಅವಂಗ ಪ್ಲೇಗು ಬಂದ್ರ ಅದನ್ನೂ ನೀವ ತಗೊಂತೀರೇನು?"

"ಅವನ ಪ್ಲೇಗು ನನಗ ಬರೋ ಸೂಜಿ ಇದ್ರ ಮೊದ್ಲು ಅದನ್ನ ಹಾಕ್ರಿ."

ಅದು ನಗಿಸಲು ಆಡಿದ ಮಾತಲ್ಲ. ಡಾಕ್ಟರೂ ನಗಲಿಲ್ಲ. ಮಗ ಅಂಗಿಯ ತೋಳು ಮಡಚಿ, ನನ್ನನ್ನು ಪಕ್ಕಕ್ಕೆ ಸರಿಸಿ ಕೂತ.

"ಅಪ್ಪಾ, ಊರವರ್ನೆಲ್ಲ ಕೇಳಿದಿ. ನನ್ನೊಬ್ಬನ್ನ ಕೇಳ್ಲಿಲ್ಲ. ನಾ ಹೋಗ್ತೀನಿ."

ನಾಚಿಕೆಯಾಯಿತು. ನಿಜವಾಗಿಯೂ ಅವನನ್ನು ಕೇಳಿರಲಿಲ್ಲ. ಅವನ ದನಿಯಲ್ಲಿ ಹೆದರಿಕೆಯೇ ಇರಲಿಲ್ಲ; ಇದ್ದದ್ದೆಲ್ಲ ನನ್ನದೇ. "ಹೋಗಿ ಬಾರಪ್ಪ" ಎಂದೆ. ಅವನ ಇನ್ನೊಂದು ಕೈಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದೆ.

ಡೇರೆ ನಡುಗುವಂಥ ಚೀರಾಟ ಎದ್ದಿತು. ಹೊರಗೆ ಸಾಲಿನಲ್ಲಿ ನಿಂತಿದ್ದ ನಾಲ್ಕು ಮಂದಿ ಓಡಿಹೋದರು. ಮಗ ಅಪ್ಪಾ, ಅಪ್ಪಾ ಎನ್ನುತ್ತ ನನ್ನ ಕೈ ಅಲುಗಿಸುತ್ತಿದ್ದ.

ಡಾಕ್ಟರು ನನ್ನ ಬೆನ್ನು ತಟ್ಟಿದರು. "ಒದರಬ್ಯಾಡ್ರಿ ಯಜಮಾನ್ರ. ನಾನಿನ್ನಾ ಸೂಜಿ ಕೈಗೆ ತಗೊಂಡಿಲ್ಲ."