ಮೇಷ್ಟ್ರ ವಿಮಾನದ ಆನಿಕೆ ಕಡ್ಡಿ

ಎರಡು ಕಡ್ಡಿಗಳಿಂದ ಇಷ್ಟೆಲ್ಲ ಆದೀತೆಂದು ಕನ್ನಡಕದ ಅಂಗಡಿಯವನು ಎಣಿಸಿರಲಿಲ್ಲ.

ದಿನವಿಡೀ ಸಾಸಿವೆ ಕಾಳಿನಂಥ ತಿರುಪುಗಳನ್ನು ಕನ್ನಡಕಗಳಿಗೆ ಬಿಗಿದು ಬದುಕುವ ಮನುಷ್ಯ ಅವನು. ಆಟದ ವಿಮಾನದ ರೆಕ್ಕೆಗೆ ಆನಿಕೆ ಕಡ್ಡಿ ಬಿಗಿಯುವುದು ಅವನಿಗೆ ಯಾವ ಲೆಕ್ಕ? ವಿಮಾನದ ಹೊಟ್ಟೆಯಿಂದ ಓರೆಯಾಗಿ ಹೊರಟು, ಮುದುಕನ ಕಂಕುಳಿಗೆ ಕೊಟ್ಟ ಊರುಗೋಲಿನಂತೆ ರೆಕ್ಕೆಯನ್ನು ಎತ್ತಿ ಹಿಡಿಯುವ ಕಡ್ಡಿಗಳು ಅವು. ಎಡಕ್ಕೊಂದು, ಬಲಕ್ಕೊಂದು.

ವಿಮಾನ ಅವನ ತಂದೆಯದು. ತಂದೆ ಗಣಿತದ ಮೇಷ್ಟ್ರು. ತಾವೇ ಮರ ಕೊರೆದು, ಕಾಗದ ಅಂಟಿಸಿ ಮಾಡಿದ ಆ ರೇಡಿಯೋ ವಿಮಾನವನ್ನು ಬದುಕಿರುವವರೆಗೆ ಮಗನಿಗೆ ಮುಟ್ಟಗೊಡಲಿಲ್ಲ. "ನಿನ್ನ ಕೈಗೆ ಕೊಟ್ಟರೆ ಸಂಜೆಯೊಳಗೆ ಸೌದೆ" ಎನ್ನುತ್ತಿದ್ದರು. ಕಡ್ಡಿಗಳಿಗೆ ಹೊಸ ಬಣ್ಣ ಬಳಿಯಲೆಂದು ಬಿಚ್ಚಿಟ್ಟ ವಾರದಲ್ಲೇ ದೇವರು ಅವರನ್ನು ಕರೆಸಿಕೊಂಡ. ಕಡ್ಡಿಯ ಬಣ್ಣ ಒಣಗಿತು, ಮನೆಯವರ ಕಣ್ಣು ಒಣಗಲಿಲ್ಲ.

ಈ ದಿನ ಸಂಜೆ ಮೇಷ್ಟ್ರ ಗೆಳೆಯರೆಲ್ಲ ಮೈದಾನದಲ್ಲಿ ಸೇರಿ ಅವರ ನೆನಪಿಗೆ ವಿಮಾನ ಹಾರಿಸುವವರಿದ್ದರು. ಮೇಷ್ಟ್ರದನ್ನು ಮಗನೇ ಹಾರಿಸಬೇಕೆಂದು ಕೇಳಿಕೊಂಡಿದ್ದರು. ಅವನು ಬೇರೆಯವರ ಹಳೆಯ ವಿಮಾನದಲ್ಲಿ ಗುಟ್ಟಾಗಿ ಅಷ್ಟಿಷ್ಟು ಕಲಿತಿದ್ದ. ಅಪ್ಪ ನಂಬಿ ಕೊಡದೆ ಹೋದ ಕೆಲಸವನ್ನು ಒಮ್ಮೆಯಾದರೂ ಚೆನ್ನಾಗಿ ಮಾಡಿ ತೋರಿಸಬೇಕು. ಅವನಿಗೆ ಉಳಿದಿದ್ದ ಆಸೆ ಅದೊಂದೇ.

ಬೆಳಿಗ್ಗೆ ಊಟದ ಮೇಜಿನ ಮೇಲೆ ವಿಮಾನವಿಟ್ಟು, ಎಡಗಡೆಯ ಕಡ್ಡಿ ಬಿಗಿದ. ಪಕ್ಕದ ಕೋಣೆಯಲ್ಲಿ ತಾಯಿ ಬಾಗಿಲು ಮುಚ್ಚಿ ಪ್ರಾರ್ಥನೆಗೆ ಕೂತಿದ್ದಳು. ಹಾಗೇ ಪರೀಕ್ಷೆಗೆಂದು ವಿಮಾನದ ಸ್ವಿಚ್ಚು ಹಾಕಿ, ರಿಮೋಟು ಹಿಡಿದು ಅದರ ಮೇಲಿನ ಪುಟ್ಟ ಸನ್ನೆಗೋಲನ್ನು ಒತ್ತಿದ. ಬಾಲ ಅಲ್ಲಾಡಲಿಲ್ಲ. ಅತ್ತ ಒತ್ತಿದ, ಇತ್ತ ಒತ್ತಿದ. ಊಹೂಂ. ಬೇಸತ್ತು ರಿಮೋಟನ್ನು ಕೆಳಗಿಟ್ಟ.

ಆಗ ಬಾಲ ಅಲ್ಲಾಡಿತು.

ನಿಧಾನವಾಗಿ ಎಡಕ್ಕೆ. ನಿಧಾನವಾಗಿ ಬಲಕ್ಕೆ. ಮತ್ತೆ ಎಡಕ್ಕೆ. ಅವನ ಬೆನ್ನಿನ ಮೇಲೆ ಯಾರೋ ತಣ್ಣನೆಯ ಬೆರಳು ಎಳೆದಂತಾಯಿತು. ತಪ್ಪು ಉತ್ತರ ಬರೆದವನ ಹಲಗೆಯ ಮುಂದೆ ನಿಂತು ಮೇಷ್ಟ್ರು ತಲೆಯಾಡಿಸುತ್ತಿದ್ದುದು ಹೀಗೆಯೇ.

ಕಡ್ಡಿಯನ್ನು ಬಗ್ಗಿ ನೋಡಿದ. ದುಂಡಗಿನ ಅಂಚು ಮುಂದಿರಬೇಕಾದದ್ದು ಹಿಂದಿತ್ತು.

"ಅಮ್ಮಾ!" ಎಂದು ಕೂಗಬೇಕೆಂದವನ ಬಾಯಿಂದ ಹೊರಟದ್ದು ಮೇಕೆಯ ಮರಿಯ ದನಿ. ಅದನ್ನು ಕೇಳಿ ಓಡಿ ಬಂದವನು ಮೇಲಿನ ಮನೆಯ ನಿವೃತ್ತ ಕಂಡಕ್ಟರ್. ಅವನ ಹಿಂದೆಯೇ ಎದುರುಮನೆಯ ಹೊಲಿಗೆಯಕ್ಕ, ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದಳು.

"ಏನಯ್ಯ, ಮುಖ ಬಿಳಿಚಿಕೊಂಡಿದೆ?" ಎಂದ ಕಂಡಕ್ಟರ್.

"ಬಾಲ... ತಾನೇ ಅಲ್ಲಾಡ್ತು. ನಾನು ಒತ್ತಿದರೆ ಅಲ್ಲಾಡಲ್ಲ, ಕೈ ಬಿಟ್ಟರೆ ಅಲ್ಲಾಡುತ್ತೆ."

"ಅದರಲ್ಲೇನು ಆಶ್ಚರ್ಯ? ನೀನು ಯಾವತ್ತು ನಿಮ್ಮಪ್ಪನ ಮಾತು ಕೇಳಿದ್ದೆ, ಅವರು ನಿನ್ನ ಮಾತು ಕೇಳೋಕೆ?" ಎಂದು ಕಂಡಕ್ಟರ್ ಕುರ್ಚಿ ಎಳೆದುಕೊಂಡು ಕೂತ. "ಒಳಗಿರೋದು ಮೇಷ್ಟ್ರೇ. ತಡಿ, ನಾನೊಂದು ಮಾತು ಕೇಳೋದಿದೆ. ಮೇಷ್ಟ್ರೇ, ನನ್ನ ಏಣಿ ನಿಮ್ಮ ಹತ್ರಾನೇ ಇದೆಯಲ್ಲವೇ?"

ಬಾಲ ಎಡಕ್ಕೆ, ಬಲಕ್ಕೆ, ಎಡಕ್ಕೆ ತಿರುಗಿತು.

"ಇಲ್ವಂತೆ! ನಿಮ್ಮ ಅಟ್ಟದ ಮೇಲೆ ನನ್ನ ಕಣ್ಣಾರೆ ಕಂಡಿದೀನಿ ಸ್ವಾಮೀ! ಆ ಕಡೆ ಹೋದ ಮೇಲಾದರೂ ನಿಜ ಹೇಳಬಾರದೇ?"

"ಥೂ, ಏಣಿಯಂತೆ ಏಣಿ! ಕೇಳೋ ಮಾತಾ ಅದು?" ಎಂದು ಹೊಲಿಗೆಯಕ್ಕ ಅವನನ್ನು ಸರಿಸಿ ಮುಂದೆ ಬಂದಳು. ದನಿ ತಗ್ಗಿಸಿ ಕೇಳಿದಳು: "ಮೇಷ್ಟ್ರೇ, ಅಲ್ಲಿ ಸುಖವಾಗಿದೀರಾ?"

ಬಾಲ ಅಲ್ಲಾಡಲಿಲ್ಲ. ಮೂವರೂ ಉಸಿರು ಹಿಡಿದು ಕಾದರು. ಕಿಟಕಿಯ ಪರದೆ ಗಾಳಿಯಿಲ್ಲದೆ ಒಮ್ಮೆ ಉಬ್ಬಿ ಇಳಿಯಿತು.

"ಇಲ್ಲ ಅನ್ನಲಿಲ್ಲ. ಅಂದರೆ ಸುಖವಾಗಿದ್ದಾರೆ," ಎಂದು ಅವಳು ಕಣ್ಣೊರೆಸಿಕೊಂಡಳು.

"ಇಲ್ಲಾಂದ್ರೆ, ಇನ್ನೂ ಅಲ್ಲಿಗೆ ಹೋಗೇ ಇಲ್ಲ," ಎಂದ ಕಂಡಕ್ಟರ್.

ಕನ್ನಡಕದವನು ಎಡಗಡೆಯ ಕಡ್ಡಿ ಬಿಚ್ಚಿ ತಿರುಗಿಸಿ ಹಾಕಿದ. ಬಾಲ ಸುಮ್ಮನಿತ್ತು. ಬಲಗಡೆಯದನ್ನು ಹಾಕಲು ಹೋದಾಗ ಕಂಡಕ್ಟರ್ "ರೈಟ್, ರೈಟ್, ಸ್ವಲ್ಪ ಹಿಂದೆ ತಗೋ" ಎಂದು ಬಸ್ಸು ತಿರುಗಿಸುವವನಂತೆ ದಾರಿ ತೋರಿಸಿದ. ಹೊಲಿಗೆಯಕ್ಕ ಎರಡು ಕಡೆಯ ಅಳತೆ ಹಿಡಿದು "ಒಂದು ಕೂದಲೆಳೆ ಗಿಡ್ಡ" ಎಂದಳು. ಇಬ್ಬರಿಗೂ ಜಗಳ ಹತ್ತಿ, ತಿರುಪು ನೆಲಕ್ಕೆ ಬಿದ್ದು, ಮೂವರೂ ಮೇಜಿನಡಿ ತೆವಳುತ್ತಿರುವಾಗ ತಲೆಯ ಮೇಲೆ ಬಾಲ ಪಟಪಟನೆ ಹೊಡೆದುಕೊಂಡಿತು. ಗಲಾಟೆ ಮಾಡುವ ತರಗತಿಯಲ್ಲಿ ಮೇಜು ಕುಟ್ಟಿದ ಹಾಗೆ. ಕಂಡಕ್ಟರ್ ಮೇಜಿನಡಿಯಲ್ಲೇ ಕಿವಿ ಹಿಡಿದುಕೊಂಡ.

ಕೊನೆಗೆ ಕಡ್ಡಿ ಕೂತಿತು. ಕನ್ನಡಕದವನು ಕೈ ಜೋಡಿಸಿ, ಎಲ್ಲಕ್ಕಿಂತ ಬೇಕಾದ ಮಾತು ಕೇಳಿದ: "ಅಪ್ಪಾ, ಇವತ್ತು ನಾನು ಹಾರಿಸಲೇ?"

ಎಡಕ್ಕೆ. ಬಲಕ್ಕೆ. ಎಡಕ್ಕೆ.

ಅವನಿಗೆ ಅಳುವೇ ಬಂದಿತು. ತಾಯಿ ಹೊರಗೆ ಬಂದಾಗ ಮಗ ಮೇಜಿಗೆ ತಲೆಯಾನಿಸಿ ಕೂತಿದ್ದ. ನೆರೆಯವರು ಮೆಲ್ಲಗೆ ಜಾರಿಕೊಂಡಿದ್ದರು.

"ರಿಮೋಟಿಗೆ ಬಗ್ಗುತ್ತಲೇ ಇಲ್ಲಮ್ಮ. ನಾನು ಹೋಗಲ್ಲ."

"ಅದಕ್ಕೆ ಯಾಕೋ ಅಳ್ತೀಯ? ನಿಮ್ಮಪ್ಪನಿಗೂ ಅದು ಮನೆಯಲ್ಲಿ ಯಾವತ್ತೂ ಬಗ್ಗಿದ್ದಿಲ್ಲ. ಮೈದಾನಕ್ಕೆ ಹೋದರೆ ಸರಿಹೋಗುತ್ತೆ. ನಡಿ, ನಾನೂ ಬಂದು ಕಾರಿನಲ್ಲೇ ಕೂತಿರ್ತೀನಿ. ದೇವರಿದ್ದಾನೆ."

ಮೈದಾನದಲ್ಲಿ ಎಲ್ಲರೂ ಎದ್ದು ಮೌನವಾಗಿ ನಿಂತರು. ಕನ್ನಡಕದವನು ಕಣ್ಣು ಮುಚ್ಚಿ ಸನ್ನೆಗೋಲು ಒತ್ತಿದ. ತೆರೆದಾಗ ವಿಮಾನ ಆಕಾಶದಲ್ಲಿತ್ತು! ಹದ್ದಿನಂತೆ ಸುತ್ತಿತು, ಮಗುಚಿ ಎದ್ದಿತು, ಮೋಡದ ಕೆಳಗೆ ತೇಲಿತು. ಒಮ್ಮೆ ಅವನು ಎಡಕ್ಕೆ ಒತ್ತಿದರೆ ಬಲಕ್ಕೆ ಹೋಯಿತು. "ಗಾಳಿ, ಗಾಳಿ" ಎಂದು ಪಕ್ಕದವರು ಸಮಾಧಾನ ಹೇಳಿದರು. ಹೂವಿನ ಎಸಳಿನಂತೆ ಬಂದು ಹುಲ್ಲಿನ ಮೇಲೆ ಇಳಿದಾಗ ಚಪ್ಪಾಳೆ ಬಿತ್ತು.

"ಥೇಟ್ ಮೇಷ್ಟ್ರ ಕೈ!" ಎಂದರು ಗೆಳೆಯರು.

ವಿಮಾನವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಸ್ವಿಚ್ಚು ಆರಿಸಿ, ಕನ್ನಡಕದವನು ತೊಯ್ದ ಕಣ್ಣುಗಳಿಂದ ತಾಯಿಯ ಪಕ್ಕ ಕೂತ. "ಅಪ್ಪ ಬೇಡ ಅಂದಿದ್ದರು. ಆದರೂ ಹಾರಿಸಿದೆ ನೋಡಮ್ಮ!"

ತಾಯಿಯ ಮಡಿಲಲ್ಲಿ ಇನ್ನೊಂದು ರಿಮೋಟು ಇತ್ತು.

"ಬೇಜಾರು ಮಾಡಿಕೋಬೇಡ ಕಣೋ," ಎಂದಳು ಮೆಲ್ಲಗೆ. "ಹಾರಿಸಿದ್ದು ನಾನು. ನಿನ್ನ ಕೈಯಲ್ಲಿರೋ ರಿಮೋಟಿನ ಒಳಗೆ, ವಿಮಾನಕ್ಕೆ ಸಂಕೇತ ಕಳಿಸೋಕೆ, ಒಂದು ಹರಳು ಇರಬೇಕು. ಅದನ್ನ ನಾನು ಯಾವಾಗಲೋ ಕಿತ್ತಿಟ್ಟಿದೀನಿ. ದೀಪ ಉರಿಯುತ್ತೆ, ಅಷ್ಟೇ."

"ಹಾಗಾದರೆ ಅಪ್ಪ...?"

"ಅವರ ಮೊದಲನೇ ವಿಮಾನ ಗೋಡೆಗೆ ಹೋಯ್ತು, ಎರಡನೇದು ಕೆರೆಗೆ. ಊಟ ಬಿಟ್ಟು ಕೂತರು. ಮೂರನೇದು ಮಾಡೋ ಹೊತ್ತಿಗೆ ನಾನು ಆಟದ ವಿಮಾನ ಮಾರೋ ಅಂಗಡಿಯವನ ಹತ್ರ ಹಾರಿಸೋದು ಕಲಿತು, ಈ ರಿಮೋಟೂ ತಂದಿಟ್ಟುಕೊಂಡೆ. ಅವರು ಅಲ್ಲಿ ನಿಂತು ಒತ್ತೋರು, ನಾನು ಇಲ್ಲಿ ಕೂತು ಹಾರಿಸ್ತಿದ್ದೆ. ಬೇರೆ ಕಡೆ ತಿರುಗಿದರೆ 'ಗಾಳಿ' ಅನ್ನೋರು. ಪಾಪ, ಕೊನೇವರೆಗೂ ತಾನೇ ಹಾರಿಸ್ತೀನಿ ಅಂತಾನೇ ನಂಬಿದ್ದರು. ಪುಣ್ಯಾತ್ಮ."

ಮಗ ತಾಯಿಯ ಮಡಿಲಿನ ರಿಮೋಟನ್ನೂ ತನ್ನ ಕೈಯಲ್ಲಿದ್ದುದನ್ನೂ ನೋಡಿದ. ಆಮೇಲೆ ನಗು ಉಕ್ಕಿ ಬಂದಿತು. "ಅಂದರೆ ಬೆಳಿಗ್ಗೆ ಬಾಲ ಅಲ್ಲಾಡಿಸಿ ನಮ್ಮನ್ನೆಲ್ಲ ಹೆದರಿಸಿದ್ದೂ ನೀನೇ! ಅಪ್ಪ ಬೇಡ ಅನ್ನಲೇ ಇಲ್ಲ! ಆ ಹರಳು ಕೊಡಮ್ಮ, ಬರೋ ವಾರ ನಾನೇ ಹಾರಿಸ್ತೀನಿ."

"ಬಾಲವೇ?" ತಾಯಿ ಅವನ ಮುಖ ನೋಡಿದಳು. "ನಾನು ಪ್ರಾರ್ಥನೆಗೆ ಕೂತಿದ್ದೆನಲ್ಲೋ. ಈ ರಿಮೋಟು ಯಾವಾಗಲೂ ಕಾರಿನಲ್ಲೇ ಇರುತ್ತೆ. ಮನೆಯೊಳಕ್ಕೆ ಬಂದದ್ದೇ ಇಲ್ಲ."

ಕಾರಿನೊಳಗೆ ಚಳಿಯಾಯಿತು. ಹಿಂದಿನ ಸೀಟಿನ ಕಡೆ ತಿರುಗಲು ಇಬ್ಬರಿಗೂ ಧೈರ್ಯವಾಗಲಿಲ್ಲ. ತಾಯಿ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದಳು.

"ಅಯ್ಯೋ ದೇವರೇ! ನಾನು ಹೇಳಿದ್ದೆಲ್ಲ ಅವರಿಗೂ ಕೇಳಿಸಿತಲ್ಲೋ..."

ಹಿಂದೆ ಟಕ್ ಎಂದಿತು. ಸ್ವಲ್ಪ ತಡೆದು ಇನ್ನೊಂದು ಸಲ ಟಕ್. ಕನ್ನಡಿಯಲ್ಲಿ ನೋಡಿದರೆ, ಅಷ್ಟು ಬಿಗಿಯಾಗಿ ಕೂರಿಸಿದ್ದ ಎರಡು ಕಡ್ಡಿಗಳೂ ಕಳಚಿ ಬಿದ್ದಿದ್ದವು. ರೆಕ್ಕೆಗಳು ಎರಡೂ ಕಡೆ ಜೋಲುಬಿದ್ದಿದ್ದವು.

"ಮೆಲ್ಲಗೆ ಓಡಿಸಪ್ಪ," ಎಂದು ತಾಯಿ ಪಿಸುಗುಟ್ಟಿದಳು. "ಮನೆಗೆ ಹೋದ ಮೇಲೆ ನಮ್ಮಿಬ್ಬರಿಗೂ ಇದೆ."