ಮೂರು ಹಬ್ಬ ಸುತ್ತಿದ ಕಾಯಿ

ನಮ್ಮ ತೋಟದಾಣೆ, ಇದ್ರಲ್ಲಿ ಒಂದು ಮಾತೂ ಕಟ್ಟಿದ್ದಲ್ಲ. ತಿಪಟೂರಲ್ಲಿ ಹಬ್ಬ ಅಂದ್ರೆ ಕಾಯಿ, ಕಾಯಿ ಅಂದ್ರೆ ನಾನು. ಯಾವ ದೇವರ ಹಬ್ಬ ಆದ್ರೂ ಕಾಯಿ ಆರ್ಸೋಕೆ ನನ್ನೇ ಕರೀತಾರೆ. ಬೆರಳಲ್ಲಿ ತಟ್ಟಿ ಒಳಗಿಂದು ಹೇಳ್ತೀನಿ. ನನ್ನ ತೋಟದ ಕಾಯ್ನ ಸಾವಿರದಲ್ಲಿ ಬೆರೆಸಿಡಿ, ಕಣ್ಮುಚ್ಕೊಂಡು ಎತ್ಕೊಡ್ತೀನಿ. ಅದಕ್ಕೇ ಇಂಥವೆಲ್ಲ ನನ್ನ ತಲೆ ಮೇಲೇ ಬೀಳೋದು.

ಗಣಪತಿ

ಗಣಪತಿ ಕೂರ್ಸೋ ಹುಡುಗರು ಕಳಸಕ್ಕೆ ಕಾಯಿ ಕೇಳಿದ್ರು. ಬಾವಿ ಪಕ್ಕದ ಮರದ್ದು ಸುಲಿದೆ. ಜುಟ್ಟು ಸವರುವಾಗ ಮಚ್ಚು ಜಾರಿ ಕಾಯಿ ಕಣ್ಣಿನ ಪಕ್ಕ ಒಂದು ಗೀರು ಬಿತ್ತು.

"ಗೀರು ಬಿದ್ದಿದ್ದು ದೇವರಿಗಾ?" ಅಂದ್ಲು ನಮ್ಮನೆಯವಳು.

"ಜುಟ್ಟು ಮುಚ್ತದೆ ಬುಡೇ. ದೇವರೇನು ಜುಟ್ಟು ಎತ್ತಿ ನೋಡ್ತಾನಾ?"

ಗಣಪತಿ ಬಿಡೋ ದಿನ ಆ ಕಾಯಿ ಹರಾಜು. ಕೊಂಡೋರಿಗೆ ಒಳ್ಳೇದಾಗ್ತದೆ ಅಂತ ನಂಬಿಕೆ. ನಾನೂ ಕೂಗ್ದೆ, ಪಂಕ್ಚರ್ ಅಂಗಡಿ ಸಾಬ್ರೂ ಕೂಗಿದ್ರು. ಅವರ ಮಗಳು ಬಸುರಿ, ಬಿಡ್ತಾರಾ? ಸೋತೆ. ಸಾಬ್ರು ಚಪ್ಪಲಿ ಬಿಟ್ಟು, ತಲೆ ಮೇಲೆ ಕರ್ಚೀಫ್ ಹಾಕ್ಕೊಂಡು, ಹಸುಗೂಸು ಎತ್ಕೊಂಡಂಗೆ ಎರಡೂ ಕೈಲಿ ಕಾಯಿ ಈಸ್ಕೊಂಡ್ರು. ನಾನು ಹುಟ್ಟಿದಾಗಿಂದ ಕಾಯಿ ಹಿಡ್ದಿದ್ದೀನಿ, ಹಂಗೆ ಒಂದ್ಸಲನೂ ಹಿಡ್ದಿಲ್ಲ. ಆದ್ರೂ ಸೋಲು ಸೋಲೇ.

"ಸಾಬ್ರೇ, ಇನ್ನೊಂದು ಹರಾಜು ಬರ್ಲಿ. ನಿಮ್ಮ ಮುಂದೆ ಸೋತ್ರೆ ಮೀಸೆ ಬೋಳಿಸ್ತೀನಿ!"

"ಮೀಸೆ ಯಾಕೆ ಯಜಮಾನ್ರೇ? ಬೇಜಾರಾಗಿದ್ರೆ ಸೈಕಲ್ಲಿಗೆ ಪುಗಸಟ್ಟೆ ಗಾಳಿ ಹೊಡ್ಕೊಡ್ತೀನಿ."

ಉರುಸು

ದರ್ಗಾದ ಉರುಸಿಗೆ ಸಾಬ್ರು ಆ ಕಾಯ್ನ ಕೆಂಪು ಬಟ್ಟೇಲಿ ಸುತ್ತಿ ತಂದ್ರು. ಲೋಬಾನದ ಹೊಗೆ, ಹೂವಿನ ರಾಶಿ. ಕೈ ಮುಗಿಯೋರಲ್ಲಿ ಅರ್ಧ ಜನ ವಿಭೂತಿ ಇಟ್ಟೋರೇ. ದರ್ಗಾದ ಹಿರಿಯರು ಕಾಯಿ ಮೇಲೆ ನವಿಲುಗರಿ ಆಡ್ಸಿ, "ಒಡೀಬೇಡ. ಮಗು ಹುಟ್ಟಿದಾಗ ಮೊದಲು ಎತ್ಕೊಂಡ ಕೈಗೆ ಕೊಡು" ಅಂದ್ರು.

ನಂಗೂ ಮಂಡಿ ನೋವಿಗೆ ಗರಿ ಆಡ್ಸಿ ಅಂದೆ. ಗರಿ ಮೂಗಿಗೆ ತಾಗ್ತು. ನಾನು ಸೀನಿದ ಏಟಿಗೆ ಊದುಬತ್ತಿ ಆರ್ಹೋಯ್ತು.

ಬೇಸಿಗೇಲಿ ಸಾಬ್ರ ಮಗಳಿಗೆ ಹೆರಿಗೆ. ಮಗು ಅಳ್ಲೇ ಇಲ್ಲ. ಚರ್ಚಿಗೆ ಹೋಗೋ ನರ್ಸಮ್ಮ ಒಬ್ರು ಬೆನ್ನು ತಿಕ್ಕಿ ತಿಕ್ಕಿ ಅಳಿಸಿದ್ರು. ಸಾಬ್ರು ಅವರ ಕೈಗೆ ಏನು ಕೊಟ್ರು ಅಂತ ನಾನ್ಯಾಕೆ ಕೇಳ್ಲಿ? ನನ್ನ ಕೈಗೆ ಜಾಮೂನು ಬಂದಿತ್ತು.

ಚರ್ಚಿನ ಸುಗ್ಗಿ

ಚರ್ಚಿನ ಸುಗ್ಗಿ ಹಬ್ಬದಲ್ಲಿ ಬೆಳೆದಿದ್ದೆಲ್ಲ ತಂದು ಹರಾಜು ಹಾಕ್ತಾರೆ. ಕುಂಬಳಕಾಯಿ, ರಾಗಿ, ಕೋಳಿ. ನರ್ಸಮ್ಮ ಒಂದು ಕಾಯಿ ತಂದು, "ತಾತ, ನೋಡಿ ಹೇಳಿ" ಅಂದ್ರು.

ಅಲ್ಲಾಡಿಸ್ದೆ. ಗುಡುಗುಡು ಅಂತು. ಸುಲಿದ ಕಾಯಿ ವರ್ಷ ಇಟ್ರೆ ಬಿರೀತದೆ, ಇಲ್ಲ ಕೊಳೀತದೆ. ಇದು ಒಳಗೊಳಗೇ ಒಣಗಿ ಉಂಡೆ ಕೊಬ್ಬರಿ ಆಗಿತ್ತು!

"ಇದು ನಮ್ಮ ಸೀಮೇದಲ್ಲ ಕಣ್ರೀ! ಈ ಮರದ ಯಜಮಾನ ಸಿಕ್ರೆ ಕಾಲಿಗೆ ಬೀಳ್ತೀನಿ!"

ಹರಾಜು ಶುರುವಾಯ್ತು. ಸಾಬ್ರೂ ಮೊಮ್ಮಗು ಎತ್ಕೊಂಡು ಬಂದಿದ್ರು. ನಾನು ಕೂಗಿದ್ದೇ ತಡ, ಕೈ ಎತ್ತಿ "ಯಜಮಾನ್ರೇ, ಬೇಡ..." ಅಂದ್ರು. ಹರಾಜು ಕೂಗೋನು ಆ ಕೈ ನೋಡಿ ಬೆಲೆ ಏರಿಸ್ದ. ನಾನು ಬಿಡ್ತೀನಾ? ಇನ್ನೂ ಏರಿಸ್ದೆ. ಸಾಬ್ರು ಮಗೂನ ಮಗಳ ಕೈಗೆ ಕೊಟ್ಟು ಎರಡೂ ಕೈ ಎತ್ತಿದ್ರು. ಬೆಲೆ ಎರಡು ಸಲ ಏರ್ತು. ಕೊನೆಗೆ ಗೆದ್ದೆ! ಅವರು ಏನೋ ಹೇಳೋಕೆ ಹಿಂದೆ ಓಡಿ ಬಂದ್ರು. ನಾನು ಮೀಸೆ ತಿರುವ್ಕೊಂಡು, ಹೆಂಡ್ತೀನ ಕರ್ಕೊಂಡು ಬಸ್ ಹತ್ತಿದ್ದೆ.

ಮನೇಲಿ ನಮ್ಮನೆಯವಳು ಕಾಯಿ ಜುಟ್ಟು ಸರಿಸಿದ್ಲು. ಕಣ್ಣಿನ ಪಕ್ಕ ಅದೇ ಗೀರು.

ನನ್ನ ಬಾವಿ ಪಕ್ಕದ ಮರದ್ದು, ಗಣಪತಿ, ದರ್ಗಾ, ಏಸುಸ್ವಾಮಿ ಎಲ್ಲರ ಮುಂದೂ ಕೂತು, ಕೆಡದೆ ಕೊಳೀದೆ, ತಿರುಗಿ ನನ್ನ ಹೊಸಲಿಗೇ ಬಂದಿತ್ತು. ಚಪ್ಪಲಿ ಬಿಟ್ಟು, ತಲೆ ಮೇಲೆ ಟವಲ್ ಹಾಕ್ಕೊಂಡು, ಎರಡೂ ಕೈಲಿ ಹಿಡ್ಕೊಂಡೆ.

ಆಗ ಅವಳು ಅಂದ್ಲು: "ಮರದ ಯಜಮಾನನ ಕಾಲಿಗೆ ಬೀಳ್ತೀನಿ ಅಂದ್ರಲ್ಲ, ಬೀಳ್ರೀ. ಕನ್ನಡಿ ತರ್ಲಾ?"

ಪುಗಸಟ್ಟೆ ಕೊಟ್ಟ ನನ್ನ ಕಾಯಿಗೆ ನಾನೇ ಕಳ್ಕೊಂಡಿದ್ದು ನಾಲ್ಕು ಸಾವಿರದ ಆರುನೂರ ಐವತ್ತು ರೂಪಾಯಿ.